ಮೆಲುದನಿಯ ಹಕ್ಕು

ಸಿಟ್ಟು ದಲಿತರ ಪಾಲಿಗೆ, ಅಂತರ್ಮುಖತೆ ಉಳಿದವರ ಪಾಲಿಗೆ. ಕನ್ನಡ ವಿಮರ್ಶೆಯಲ್ಲಿ ಹೀಗೊಂದು ಪಾಲುಪಟ್ಟಿ ಯಾರೂ ಬರೆಯದೆಯೇ ಜಾರಿಯಲ್ಲಿದೆ. ನವ್ಯದ ನಾಯಕ ಕೋಣೆಯಲ್ಲಿ ಕೂತು ತನ್ನೊಳಗನ್ನು ಬಗೆದು ನೋಡಿದರೆ ಅದು ಮನುಷ್ಯನ ಪಾಡು. ಕೇರಿಯ ಹುಡುಗನೊಬ್ಬ ಅದನ್ನೇ ಮಾಡಿದರೆ, 'ಇದರಲ್ಲಿ ಪ್ರತಿಭಟನೆ ಎಲ್ಲಿದೆಯಪ್ಪಾ?' ಅನ್ನೋ ಪ್ರಶ್ನೆ. ಈ ಪ್ರಶ್ನೆ ಮೇಲ್ಜಾತಿಯ ವಿಮರ್ಶಕರಿಂದ ಮಾತ್ರ ಬರೋದಿಲ್ಲ, ನಮ್ಮ ಸಂಘಟನೆಗಳ ಒಳಗಿಂದಲೂ ಬರುತ್ತದೆ. ಪ್ರೀತಿಯ ಮೇಲೆ, ಅಜ್ಜಿಯ ಮೇಲೆ, ಒಂಟಿತನದ ಮೇಲೆ ಪದ್ಯ ಬರೆದ ವಿದ್ಯಾರ್ಥಿಗಳು ನಾಚಿಕೊಂಡು ಅದನ್ನು ಪುಸ್ತಕದ ನಡುವೆ ಬಚ್ಚಿಡುವುದನ್ನು ನನ್ನ ತರಗತಿಗಳಲ್ಲಿ ಕಾಣುತ್ತಲೇ ಇದ್ದೇನೆ.

ಈ ಪಾಲುಪಟ್ಟಿಯನ್ನು ಪರೀಕ್ಷಿಸಲು ಇಲ್ಲಿ ಒಂದು ಹಾಡಿನ ಆಲ್ಬಮನ್ನು ತೆಗೆದುಕೊಂಡಿದ್ದೇನೆ. ಅಮೆರಿಕದ ಕಪ್ಪು ಗಾಯಕ ಬಿಲ್ ವಿದರ್ಸ್ 1971ರಲ್ಲಿ ತಂದ ಮೊದಲ ಆಲ್ಬಮ್ 'ಜಸ್ಟ್ ಆಸ್ ಐ ಆಮ್'. ಅಂದರೆ 'ನಾನಿರುವ ಹಾಗೆಯೇ'. ಇದು ಚರ್ಚುಗಳಲ್ಲಿ ಹಾಡುವ ಒಂದು ಹಳೆಯ ಕೀರ್ತನೆಯ ಹೆಸರೂ ಹೌದು. ಅಲ್ಲಿ ಭಕ್ತ ದೇವರೆದುರು ತಲೆಬಾಗಿ ಈ ಮಾತು ಹೇಳುತ್ತಾನೆ. ಇಲ್ಲಿ ಒಬ್ಬ ಕೂಲಿಕಾರ ಕೇಳುಗರೆದುರು ತಲೆಯೆತ್ತಿ ನಿಂತು ಹೇಳುತ್ತಾನೆ.

ವಿದರ್ಸ್ 1938ರಲ್ಲಿ ಪಶ್ಚಿಮ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲ ಗಣಿಯೂರಿನಲ್ಲಿ ಹುಟ್ಟಿದವನು. ಅಪ್ಪ ಗಣಿ ಕಾರ್ಮಿಕ. ಮಗನಿಗೆ ಹದಿಮೂರಾಗುವಾಗ ಅಪ್ಪ ಸತ್ತ. ತಾಯಿ, ಅಜ್ಜಿ ಸಾಕಿದರು. ಮಾತು ತೊದಲುತ್ತಿತ್ತು. ಒಂಬತ್ತು ವರ್ಷ ನೌಕಾಪಡೆಯಲ್ಲಿ ದುಡಿದು, ಆಮೇಲೆ ಕ್ಯಾಲಿಫೋರ್ನಿಯಾದ ಕಾರ್ಖಾನೆಯಲ್ಲಿ ವಿಮಾನಗಳ ಶೌಚಾಲಯ ತಯಾರಿಸುವ ಕೆಲಸ ಹಿಡಿದ. ಆಲ್ಬಮ್ಮಿನ ಹೊದಿಕೆ ನೋಡಿ: ಕಾರ್ಖಾನೆಯ ಬಳಿ, ಕೈಯಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದಾನೆ. ಮಧ್ಯಾಹ್ನದ ಬಿಡುವಿನಲ್ಲಿ ತೆಗೆದ ಚಿತ್ರ ಅದು. ಹಾಡು ಬಂದ ಮೇಲೂ ಈ ಕೆಲಸವನ್ನು ಅವನು ಕೂಡಲೇ ಬಿಡಲಿಲ್ಲ. ಸಂಗೀತದ ವ್ಯಾಪಾರವನ್ನು ನಂಬಿ ಕೂರುವಂತಿಲ್ಲ ಅನ್ನೋದು ಕೂಲಿ ಮಾಡಿ ಬದುಕಿದವನಿಗೆ ಗೊತ್ತಿತ್ತು.

ಇಲ್ಲಿ ಅವಸರದ ಹೋಲಿಕೆ ಬೇಡ. ಅವನು ಶೌಚಾಲಯ ತಯಾರಿಸಿದ್ದು ಸಂಬಳಕ್ಕೆ. ಬೇಡವಾದಾಗ ಬಿಟ್ಟು ಬಂದ. ನಮ್ಮಲ್ಲಿ ಆ ಕೆಲಸ ಹುಟ್ಟಿನೊಂದಿಗೇ ಅಂಟಿ ಬಂದದ್ದು. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ಬಂದು ನಿಷೇಧಿಸಬೇಕಾದಂಥ ನಾಡು ಇದು. ವರ್ಣಭೇದವೂ ಜಾತಿಯೂ ಒಂದೇ ಅಲ್ಲ. ಆದರೂ 1972ರಲ್ಲಿ ಮುಂಬಯಿಯ ದಲಿತ ಲೇಖಕರು ತಮ್ಮ ಸಂಘಟನೆಗೆ ಪ್ಯಾಂಥರ್ ಎಂಬ ಹೆಸರನ್ನು ಅಮೆರಿಕದ ಕಪ್ಪು ಜನರಿಂದಲೇ ತಂದರು. ಅಲ್ಲಿಂದ ನಾವು ಘೋಷಣೆಯನ್ನು ತಂದೆವು, ಮೆಲುದನಿಯನ್ನು ತರಲಿಲ್ಲ. ಅದೂ ಅಲ್ಲೇ ಇತ್ತು.

ಆಲ್ಬಮ್ಮಿನ ಸದ್ದೇ ಮಿತವಾದದ್ದು. ನಿರ್ಮಾಪಕ ಬೂಕರ್ ಟಿ. ಜೋನ್ಸ್ ಮೆಂಫಿಸ್‌ನ ತನ್ನ ಬಳಗದ ಬಾಸ್ ಮತ್ತು ಡ್ರಮ್ ವಾದಕರನ್ನು ಕರೆತಂದ. ರಾಕ್ ಲೋಕದ ಸ್ಟೀಫನ್ ಸ್ಟಿಲ್ಸ್ ಗಿಟಾರ್ ನುಡಿಸಿದ. ಇಷ್ಟು ಹೆಸರುವಾಸಿಗಳಿದ್ದೂ ಯಾರೂ ಮೆರೆಯುವುದಿಲ್ಲ. ನಡುವೆ ಕೇಳುವುದು ವಿದರ್ಸನ ಗಿಟಾರ್, ಅವನ ಒರಟಲ್ಲದ ಗಟ್ಟಿ ದನಿ. 'ಐಂಟ್ ನೋ ಸನ್‌ಶೈನ್' ಎರಡು ನಿಮಿಷದ ಆಸುಪಾಸಿನ ವಿರಹದ ಹಾಡು. ಅದರ ನಡುವೆ, ತನಗೆ ತಿಳಿದಿದೆ ಎಂಬರ್ಥದ ಎರಡೇ ಪದಗಳನ್ನು ಇಪ್ಪತ್ತಾರು ಸಲ ಹೇಳುತ್ತಾನೆ. ಆ ಜಾಗದಲ್ಲಿ ಬೇರೆ ಸಾಲು ಬರೆಯಬೇಕೆಂದಿದ್ದನಂತೆ. ಜೊತೆಯವರು ಹಾಗೇ ಇರಲಿ ಅಂದರು. ತೊದಲಿನ ಕಷ್ಟ ಉಂಡವನ ಬಾಯಲ್ಲಿ ಈ ಪುನರುಕ್ತಿ ಬರಿಯ ಅಲಂಕಾರವಾಗಿ ಕೇಳುವುದಿಲ್ಲ. ಮಾತು ಮುಂದೆ ಹೋಗಲಾರದ ಕಡೆ ಅದೇ ಮಾತನ್ನು ಹಿಡಿದು ನಿಲ್ಲುವ ಛಲ ಅದು.

ಆದರೆ ನಮಗೆ ಮುಖ್ಯವಾದ ಹಾಡು 'ಗ್ರ್ಯಾಂಡ್ಮಾಸ್ ಹ್ಯಾಂಡ್ಸ್'. ಅಜ್ಜಿಯ ಕೈಗಳು. ಅಜ್ಜಿಯ ಮುಖ, ಮಾತು, ಕತೆ ಯಾವುದೂ ಇಲ್ಲಿ ಕೇಂದ್ರವಲ್ಲ; ಕೈ ಮಾತ್ರ. ಚರ್ಚಿನಲ್ಲಿ ತಾಳ ಹಾಕುವ ಕೈ, ನೋವಿನಿಂದ ಊದಿಕೊಳ್ಳುವ ಕೈ, ಹೊಡೆತಕ್ಕೆ ಅಡ್ಡ ಬರುವ ಕೈ, ಮದುವೆಯಾಗದೆ ತಾಯಾದವಳನ್ನು ಸಮಾಧಾನ ಮಾಡುವ ಕೈ. ಹಾಡಿನಲ್ಲಿ ಬಿಳಿಯರ ಹೆಸರಿಲ್ಲ, ಗುಲಾಮಗಿರಿಯ ಮಾತಿಲ್ಲ. ಹಾಗಾದರೆ ಇದು ಅರಾಜಕೀಯವೇ? ಮುಟ್ಟುವುದನ್ನೇ ಅಪರಾಧ ಮಾಡಿದ ಸಮಾಜದಲ್ಲಿ ಬೆಳೆದ ನಾವು ಈ ಪ್ರಶ್ನೆ ಕೇಳಲೇಬಾರದು. ಮುಟ್ಟಿ ಸಾಕಿದ ಕೈಯನ್ನು ನೆನೆಯುವುದು, ಮೈಲಿಗೆ ಎಂದವರ ಶಾಸ್ತ್ರಕ್ಕೆ ಕೊಡುವ ಉತ್ತರ. ಅದಕ್ಕೆ ಅವರ ಹೆಸರನ್ನು ಎತ್ತಬೇಕಾದ ಹಂಗೂ ಇಲ್ಲ.

ಆಲ್ಬಮ್ ಎಲ್ಲ ಕಡೆಯೂ ಇದೇ ಎತ್ತರದಲ್ಲಿಲ್ಲ. 'ಬೆಟರ್ ಆಫ್ ಡೆಡ್' ಕುಡಿತದಲ್ಲಿ ಸಂಸಾರ ಕಳೆದುಕೊಂಡವನ ಹಾಡು. ಕೊನೆಗೆ ಗುಂಡಿನ ಸದ್ದು ಕೇಳಿಸುತ್ತಾರೆ. ಅಲ್ಲಿಯವರೆಗೆ ಮೌನವನ್ನು ನಂಬಿದ್ದ ಆಲ್ಬಮ್ ಅಲ್ಲಿ ಮಾತ್ರ ನಾಟಕಕ್ಕೆ ಸೋಲುತ್ತದೆ. 'ಹಾರ್ಲೆಮ್' ಹಾಡಿನ ಮನೆಮಾಲೀಕ, ಚಳಿಗೆ ಬಿಸಿಯಾಗದ ಕೋಣೆ ಇವೆಲ್ಲ ಯಾವ ಸದ್ದೂ ಇಲ್ಲದೆ ಹೆಚ್ಚು ಹೇಳುತ್ತವೆ.

ಇನ್ನು ಪಾಲುಪಟ್ಟಿಯ ಮಾತು. ಅದೇ 1971ರಲ್ಲಿ ಕ್ಯಾರೊಲ್ ಕಿಂಗ್‌ಳ 'ಟ್ಯಾಪೆಸ್ಟ್ರಿ', ಜೋನಿ ಮಿಚೆಲ್‌ಳ 'ಬ್ಲೂ' ಬಂದವು. ತಾವೇ ಬರೆದು, ಒಳಗನ್ನು ತೋಡಿಕೊಂಡು ಹಾಡಿದ ಇವರಿಗೆ ಸಿಂಗರ್-ಸಾಂಗ್‌ರೈಟರ್ ಎಂಬ ಪೀಠ ಸಿಕ್ಕಿತು. ಅದೇ ಕೆಲಸ ಮಾಡಿದ ವಿದರ್ಸ್ ಸೋಲ್, ಆರ್ ಅಂಡ್ ಬಿ ಕಪಾಟಿಗೆ ಹೋದ. ಗ್ರ್ಯಾಮಿ ಪ್ರಶಸ್ತಿಯೂ ಆ ವಿಭಾಗದಲ್ಲೇ ಬಂತು. ಈ ಕಪಾಟಿಗೆ ಒಂದು ಚರಿತ್ರೆಯಿದೆ. 'ಬಿಲ್‌ಬೋರ್ಡ್' ಪತ್ರಿಕೆ 1949ರವರೆಗೆ ಕಪ್ಪು ಜನರ ಹಾಡುಗಳ ಪಟ್ಟಿಯನ್ನು 'ರೇಸ್ ರೆಕಾರ್ಡ್ಸ್' ಎಂದೇ ಕರೆಯುತ್ತಿತ್ತು. ಹೆಸರು ಬದಲಾಯಿತು, ಊರು ಕೇರಿ ಬೇರೆಯಾಗೇ ಉಳಿದವು. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ 'ದಲಿತ ಸಾಹಿತ್ಯ' ಎಂಬ ಅಧ್ಯಾಯ ಎಲ್ಲಿರುತ್ತದೆ, ಎಷ್ಟು ಪುಟವಿರುತ್ತದೆ, ನೀವೇ ತಿರುವಿ ನೋಡಿ.

ಮೆಲುದನಿ ಯಜಮಾನರಿಗೆ ಇಷ್ಟ, ಆದ್ದರಿಂದ ಅದು ಅಪಾಯ ಅನ್ನುವವರಿದ್ದಾರೆ. ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ವಿದರ್ಸ್ ಯಾರ ಇಷ್ಟಕ್ಕೂ ಹಾಡಿದವನಲ್ಲ. ಏನು ಹಾಡಬೇಕು, ಹೇಗೆ ಹಾಡಬೇಕು ಅಂತ ಕಂಪನಿಯವರು ಹೇಳಿಕೊಡಲು ಬಂದಾಗ ಒಪ್ಪಲಿಲ್ಲ. 1985ರ ಆಲ್ಬಮ್ಮಿನ ನಂತರ ಆ ಲೋಕವನ್ನೇ ಬಿಟ್ಟು ಮನೆಗೆ ನಡೆದ. 2020ರಲ್ಲಿ ತೀರಿಕೊಳ್ಳುವವರೆಗೆ ಮತ್ತೊಂದು ಆಲ್ಬಮ್ ಮಾಡಲಿಲ್ಲ. ಮೆತ್ತಗೆ ಮಾತಾಡುವವನು ಬಗ್ಗುತ್ತಾನೆ ಎಂದು ಯಾರು ಹೇಳಿದರು?

ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು, ದೇವನೂರರ 'ಕುಸುಮಬಾಲೆ' 1984ರಲ್ಲಿ ಬಂತು. ಒಂದು ಬೀದಿಗಿಳಿಯಿತು, ಇನ್ನೊಂದು ಪಿಸುಗುಟ್ಟಿತು. ಎರಡೂ ನಮ್ಮವೇ. ಒಂದನ್ನು ಇಟ್ಟುಕೊಂಡು ಇನ್ನೊಂದಕ್ಕೆ ಲೆಕ್ಕ ಕೇಳುವ ವಿಮರ್ಶೆ ನಮಗೆ ಬೇಡ. ಕೂಗುವ ಹಕ್ಕನ್ನು ಹೋರಾಡಿ ಪಡೆದೆವು. ಮೆಲ್ಲಗೆ ಮಾತಾಡುವ ಹಕ್ಕಿಗೂ ಹೋರಾಡಬೇಕಾಗಿದೆ. ದಲಿತ ವಿಮರ್ಶೆ ತನ್ನ ಹುಡುಗ ಹುಡುಗಿಯರ ಬಚ್ಚಿಟ್ಟ ಪದ್ಯಗಳನ್ನು ಹೊರಗೆ ತೆಗೆಸಿ, ಗಂಭೀರವಾಗಿ ಓದುವ ಕೆಲಸದಿಂದ ಅದನ್ನು ಶುರು ಮಾಡಬಹುದು.