ಜಾಜಿಯ ರಾತ್ರಿಪಾಳಿ

ಹೊಸ ಸೆಂಟು ಬಿಡುಗಡೆಯಾದರೆ ಕಂಪನಿಗಳು ಈಗ ಮೊದಲು ಹೇಳುವುದು ಬಾಟಲಿಯ ಕತೆ. ಗಾಜು ಮರುಬಳಕೆಯದು, ಮುಚ್ಚಳ ಮರದ್ದು, ಖಾಲಿಯಾದರೆ ಮತ್ತೆ ತುಂಬಿಸಿಕೊಳ್ಳಬಹುದು. ಒಳ್ಳೆಯದೇ, ಬೇಡ ಅನ್ನುವವರಾರು? ಆದರೆ ನಾವು ಸಾವಿರಾರು ರೂಪಾಯಿ ಸುರಿಯುವುದು ಬಾಟಲಿಯ ಒಳಗಿರುವುದಕ್ಕೆ. ಅದು ಯಾರ ಹೊಲದಿಂದ ಬಂತು, ಯಾರು ಕಿತ್ತರು ಎಂಬುದು ಡಬ್ಬಿಯ ಯಾವ ಮಗ್ಗುಲಲ್ಲೂ ಇರುವುದಿಲ್ಲ.

ಜಾಜಿಯನ್ನೇ ತೆಗೆದುಕೊಳ್ಳಿ. ಒಳ್ಳೆಯ ಜಾಜಿ ಆಬ್ಸಲ್ಯೂಟನ್ನು, ಅಂದರೆ ಹೂವಿನಿಂದ ತೆಗೆದ ದಟ್ಟ ಸಾರವನ್ನು, ಕಾಗದದ ಪಟ್ಟಿಗೆ ಒಂದು ತೊಟ್ಟು ಹಾಕಿ ಮೂಸಿ ನೋಡಿ. ಮೊದಲು ಮಾಗಿದ ಹಣ್ಣಿನ ಸಿಹಿ, ಆಮೇಲೆ ಚಹಾ ಎಲೆಯ ಒಗರು. ಇನ್ನೂ ಸ್ವಲ್ಪ ಹೊತ್ತಿಗೆ ಅಡಿಯಿಂದ ಇಂಡೋಲ್ ಎಂಬ ಅಂಶ ಏಳುತ್ತದೆ; ಬೆವರಿನಂಥ, ತುಸು ನಾತವೆಂದೇ ಹೇಳಬಹುದಾದ ವಾಸನೆ. ಜಾಜಿಗೆ ಜೀವ ಬರುವುದೇ ಆ ನಾತದಿಂದ, ನನ್ನಂಥವರು ಸೋಲುವುದೂ ಅದಕ್ಕೇ. ಹೂ ಅರಳುವುದು ರಾತ್ರಿ, ಬಿಸಿಲೇರಿದರೆ ಕಂಪು ಇಳಿಯುತ್ತದೆ. ಹಾಗಾಗಿ ಬಿಡಿಸುವುದು ಕತ್ತಲಲ್ಲೇ. ಕಿಲೋಗೆ ಎಂಟು-ಹತ್ತು ಸಾವಿರ ಹೂ ಬೇಕು, ಒಂದು ಕಿಲೋ ಆಬ್ಸಲ್ಯೂಟಿಗೆ ಅಂಥ ನೂರಾರು ಕಿಲೋ.

ಜಗತ್ತಿನ ಜಾಜಿಯಲ್ಲಿ ಸುಮಾರು ಅರ್ಧ ಈಜಿಪ್ಟಿನದು. ಅದರ ಕೇಂದ್ರ ನೈಲ್ ಮುಖಜಭೂಮಿಯ ಘರ್ಬಿಯಾ. ಅಲ್ಲಿ ಕಂಡದ್ದನ್ನು ಬಿಬಿಸಿ 2024ರ ಮೇ ತಿಂಗಳಲ್ಲಿ ಪ್ರಸಾರ ಮಾಡಿತು. ಒಬ್ಬ ತಾಯಿ ಮಕ್ಕಳನ್ನೂ ಕರೆದುಕೊಂಡು ರಾತ್ರಿ ಹೊಲಕ್ಕಿಳಿದು ಒಂದೂವರೆ ಕಿಲೋ ಹೂ ಬಿಡಿಸಿದಳು. ಗಳಿಕೆಯ ಮೂರನೇ ಒಂದು ಪಾಲು ಹೊಲದೊಡೆಯನಿಗೆ ಹೋಗಿ ಅವಳ ಕೈಯಲ್ಲಿ ಉಳಿದದ್ದು ಸುಮಾರು ಒಂದೂವರೆ ಡಾಲರ್. ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಹದಿನೈದು ವರ್ಷದೊಳಗಿನವರನ್ನು ದುಡಿಸಬಾರದೆಂದು ಆ ದೇಶದ ಕಾನೂನೇ ಹೇಳುತ್ತದೆ. ಹೀಗೆ ಮಕ್ಕಳು ಬಿಡಿಸಿದ ಹೂ ಲ್ಯಾಂಕೋಮ್, ಏರಿನ್ ಬ್ರ್ಯಾಂಡ್‌ಗಳ ಪೂರೈಕೆದಾರರ ಕಡೆಗೆ ಹೋಗುತ್ತಿತ್ತೆಂದು ವರದಿ ಹೇಳಿತು. ಮಾನವ ಹಕ್ಕುಗಳಿಗೆ ನಾವು ಬದ್ಧ ಎಂದು ಲ್ಯಾಂಕೋಮ್‌ನ ಒಡೆಯ ಲೋರಿಯಲ್ ಉತ್ತರಿಸಿತು. ಬದ್ಧತೆಗೆ ಯಾವ ಕಂಪನಿಯಲ್ಲೂ ಕೊರತೆಯಿಲ್ಲ ಬಿಡಿ.

ತಾಯಿಯನ್ನು ದೂರುವುದು ಸುಲಭ. ಆದರೆ ಲೆಕ್ಕ ಶುರುವಾಗುವುದು ಇನ್ನೊಂದು ತುದಿಯಲ್ಲಿ. ಬ್ರ್ಯಾಂಡು ಸುಗಂಧ ತಯಾರಿಸುವ ಸಂಸ್ಥೆಗೆ, ಇಷ್ಟರೊಳಗೆ ಮುಗಿಸು ಎಂದು ಬಜೆಟ್ ಕೊಡುತ್ತದೆ. ಸಂಸ್ಥೆ ಕಾರ್ಖಾನೆಯನ್ನು ಹಿಂಡುತ್ತದೆ, ಕಾರ್ಖಾನೆ ಮಂಡಿಯವನನ್ನು. ಕೊನೆಗೆ ಹಿಂಡಲು ಉಳಿಯುವುದು ಕಿಲೋ ಲೆಕ್ಕದ ಕೂಲಿ ಮಾತ್ರ. ಮಕ್ಕಳು ಕೈಹಾಕದಿದ್ದರೆ ಆ ರಾತ್ರಿ ಗಿಟ್ಟುವುದಿಲ್ಲ.

ಮೂಲ ಹುಡುಕುವುದು ಕಷ್ಟ ಎಂಬ ನೆಪವನ್ನು ನಾನು ಒಪ್ಪುವುದಿಲ್ಲ. ‘ನಂ. 5’ ಸೆಂಟಿನ ಜಾಜಿಗಾಗಿ ಶನೆಲ್ ಕಂಪನಿ 1987ರಿಂದ ಫ್ರಾನ್ಸಿನ ಗ್ರಾಸ್ ಬಳಿ ಒಂದೇ ಕುಟುಂಬದ ಹೊಲಗಳ ಜೊತೆ ಒಪ್ಪಂದ ಮಾಡಿಕೊಂಡಿದೆ. ಮನಸ್ಸಿದ್ದರೆ ಹೊಲದ ಬದುವಿನವರೆಗೂ ಹೋಗಬಹುದು.

ಬೆಳೆದವನಿಗೆ ಹಕ್ಕಿಲ್ಲದಿದ್ದರೆ ಏನಾಗುತ್ತದೆಂದು ನಮ್ಮ ಗಂಧದ ಮರವೇ ಹೇಳುತ್ತದೆ. ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಗೆ ಮುಂಚೆ ನಿಮ್ಮ ಜಮೀನಿನಲ್ಲಿ ಹುಟ್ಟಿದ ಶ್ರೀಗಂಧವೂ ಸರ್ಕಾರದ್ದೇ. ಬೆಳೆದವನಿಗೆ ದಕ್ಕದ ಮರವನ್ನು ಯಾರು ಬೆಳೆಸುತ್ತಾರೆ? ಈಗ ಆಸ್ಟ್ರೇಲಿಯಾದ ಕುನುನರ‍್ರಾದಲ್ಲಿ ನಮ್ಮದೇ ಜಾತಿಯ ಗಂಧದ ತೋಪುಗಳಿವೆ.

ಇನ್ನು ‘ನೈಸರ್ಗಿಕ’ ಎಂಬ ಹುಚ್ಚು. ಅದನ್ನು ಸ್ವಲ್ಪ ಬಿಡಬೇಕು. 1966ರಲ್ಲಿ ಸುಗಂಧ ತಯಾರಕ ಎಡ್ಮಂಡ್ ರುದ್ನಿತ್ಸ್ಕಾ ಡಿಯೋರ್‌ಗಾಗಿ ‘ಓ ಸೋವಾಜ್’ ಮಾಡಿದಾಗ ಹೆಡಿಯೋನ್ ಎಂಬ ಪ್ರಯೋಗಾಲಯದ ವಸ್ತುವಿನಿಂದಲೇ ಜಾಜಿಯ ಗಾಳಿ ತಂದ. ಇವತ್ತಿಗೂ ಅದು ದೊಡ್ಡ ಸೆಂಟು. ಇಂಡೋಲಿನ ಆ ನಾತ ಹೆಡಿಯೋನಿನಲ್ಲಿ ಸಿಗದು, ನಿಜ.

ಮುಂದಿನ ಸಲ ಮಾಲಿನ ಕೌಂಟರಿನಲ್ಲಿ ಪಟ್ಟಿ ಮೂಸುವಾಗ ಒಂದು ಮಾತು ಕೇಳಿ: ಈ ಹೂ ಎಲ್ಲಿಯದು, ಬಿಡಿಸಿದವರಿಗೆ ಕಿಲೋಗೆ ಎಷ್ಟು ಕೊಟ್ಟಿರಿ? ಅಲ್ಲಿ ನಿಂತ ಹುಡುಗಿಗೆ ಗೊತ್ತಿರುವುದಿಲ್ಲ, ಅವಳನ್ನು ಗದರಬೇಡಿ. ಕಂಪನಿಗೆ ಬರೆದು ಕೇಳಿ. ಉತ್ತರ ಬರದಿದ್ದರೆ ಹೆಡಿಯೋನಿನ ಬಾಟಲಿ ಕೊಳ್ಳಿ.