ಪತ್ತನಾಜೆಯೊಳಗೆ ಒಂದಿಷ್ಟು ಗ್ರೀಸು

ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. ನೀರು ಅಷ್ಟು ಏರಿದ ಹೊತ್ತಿಗೆ ಶೆಡ್ಡಿನಿಂದ ಹೊರಬಂದ ದೋಣಿಯ ಹಿಂಬದಿಯ ಎಂಜಿನ್ (ಓಬಿಎಂ) ಜಪ್ಪಯ್ಯ ಅಂದರೂ ಅತ್ತಿತ್ತ ತಿರುಗದಿದ್ದರೆ, ಅದರ ಅಶ್ವಶಕ್ತಿ ಎಷ್ಟಿದ್ದರೇನು? 1974ರ ನೆರೆಯನ್ನು ಈಗಲೂ ನೆನೆಯುವ ಪಾಣೆಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಿನವೂ ದುಡಿಯುವ ಎಂಜಿನ್‌ಗಿಂತ ತಿಂಗಳುಗಟ್ಟಲೆ ಮಲಗಿದ ಎಂಜಿನ್ನೇ ಬೇಗ ಬಿಗಿಯುತ್ತದೆ. ಎಂಜಿನ್ ತಿರುಗುವ ಕೊಳವೆಯೊಳಗಿನ ಹಳೆಯ ಗ್ರೀಸು ಒಣಗಿ, ಕಳೆದ ನೆರೆಯ ಕೆಮ್ಮಣ್ಣಿನೊಂದಿಗೆ ಸೇರಿ ಗಟ್ಟಿಯಾಗಿರುತ್ತದೆ. ಉಳ್ಳಾಲ, ಬೆಂಗ್ರೆಯ ಕಡೆಗಾದರೆ ಉಪ್ಪು ನೀರಿನ ತುಕ್ಕೂ ಸೇರುತ್ತದೆ.

ಹ್ಯಾಂಡಲ್ ಇರುವ ದೋಣಿಯಲ್ಲಿ ಮೊದಲು ಬಿಗಿತ ಹೊಂದಿಸುವ ಸ್ಕ್ರೂ ನೋಡಿ. ಯಾರೋ ಪುಣ್ಯಾತ್ಮರು ಅದನ್ನು ಪೂರ್ತಿ ಬಿಗಿದಿಟ್ಟಿರುವುದುಂಟು! ಸಡಿಲಿಸಿದರೂ ತಿರುಗದಿದ್ದರೆ ಗ್ರೀಸ್ ಗನ್ ಹಿಡಿಯಿರಿ. ಎಂಜಿನ್ನನ್ನು ಎಡಬಲಕ್ಕೆ ಆಡಿಸುತ್ತಾ, ಕಪ್ಪು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ತುಂಬಿ. ನೀರಿಗೆ ಕರಗದ ಗ್ರೀಸೇ ಆಗಬೇಕು. ಒಳಗೆ ಹೋಗುತ್ತಿಲ್ಲವೆಂದರೆ ನಿಪ್ಪಲ್ ಕಟ್ಟಿದೆಯೋ ನೋಡಿ, ಬದಲಿಸಿ. ಹ್ಯಾಂಡಲಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಎಳೆಯುವ ಪೌರುಷ ಬೇಡ, ಬ್ರಾಕೆಟ್ಟೇ ಮುರಿದೀತು.

ಸ್ಟಿಯರಿಂಗ್ ಚಕ್ರವಿರುವ ದೋಣಿಯದ್ದು ಬೇರೆ ಕತೆ. ಕೇಬಲ್ಲಿಗೂ ಎಂಜಿನ್ನಿಗೂ ನಡುವಿನ ಸರಳನ್ನು ಕಳಚಿ. ಎಂಜಿನ್ ಕೈಗೆ ಹಗುರಾಗಿ ತಿರುಗಿ, ಚಕ್ರ ಮಾತ್ರ ಬಿಗಿಯಾಗಿದ್ದರೆ ತಪ್ಪು ಕೇಬಲ್ಲಿನದ್ದು ಅಥವಾ ಚಕ್ರದ ಹಿಂದಿನ ಗೇರಿನದ್ದು. ಕೇಬಲ್ಲಿನ ತುದಿಯ ಸರಳು ಎಂಜಿನ್ನಿನ ಕೊಳವೆಯೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿರುವುದೇ ಹೆಚ್ಚು. ಅದನ್ನು ಬಿಡಿಸಿ, ಉಜ್ಜಿ, ಗ್ರೀಸು ಸವರಬಹುದು. ಹೊದಿಕೆಯೊಳಗೇ ತುಕ್ಕು ಹಿಡಿದಿದ್ದರೆ ಎಣ್ಣೆ ಬಿಡುವ ಉಪಾಯ ನನಗೆ ಒಪ್ಪಿಗೆಯಿಲ್ಲ. ಎರಡು ದಿನ ಹಗುರಾಗಿ, ಮೂರನೆಯ ದಿನ ನಡುಹೊಳೆಯಲ್ಲಿ ಕೈಕೊಡುತ್ತದೆ. ಹೊಸ ಕೇಬಲ್ಲೇ ಹಾಕಿಸಿ.

ದೋಣಿ ಓಡುವಾಗ ಒಂದೇ ಬದಿಗೆ ಬಿಗಿಯೆನಿಸಿದರೆ ಕೇಬಲ್ಲನ್ನು ಬೈಯಬೇಡಿ. ಪ್ರೊಪೆಲ್ಲರಿನ ಹಿಂದೆ, ಮೇಲುಗಡೆ ಪುಟ್ಟ ರೆಕ್ಕೆಯೊಂದಿದ್ದರೆ ಅದರ ಹಿಂತುದಿಯನ್ನು ದೋಣಿ ಸಲೀಸಾಗಿ ತಿರುಗುವ ಬದಿಗೇ ತುಸು ಸರಿಸಿ. ಕೇಳಲು ಉಲ್ಟಾ ಅನಿಸುತ್ತದೆ, ಆದರೆ ಸರಿ.

ಬೆಳ್ತಂಗಡಿಯ ಮೃತ್ಯುಂಜಯ ಹೊಳೆಯಲ್ಲಿ ಈ ಪಾಠ ಅಷ್ಟಾಗಿ ನಡೆಯದು. ಚಾರ್ಮಾಡಿಯ ಬಂಡೆಗಳ ನಡುವೆ ಪ್ರೊಪೆಲ್ಲರೇ ಉಳಿಯುವುದಿಲ್ಲ. ತುಂಬೆ ಅಣೆಕಟ್ಟಿನ ಹಿನ್ನೀರಿನ ಆಸುಪಾಸಿನವರಿಗೆ ಮಾತ್ರ ಒಂದು ಮಾತು: ಮಳೆಗಾಲಕ್ಕೆ ಮುನ್ನ ಬರುವ ಪತ್ತನಾಜೆಗೆ ಮೊದಲೇ ಎಂಜಿನ್ ಸ್ಟಾರ್ಟ್ ಮಾಡಿ ನೋಡುವಾಗ ಹ್ಯಾಂಡಲನ್ನೂ ಆ ಕಡೆಯಿಂದ ಈ ಕಡೆಗೆ ಪೂರ್ತಿ ತಿರುಗಿಸಿ ನೋಡಿ.