ಅಮರರ ಪ್ರೀತಿ, ಅಮರರ ಒಂಟಿತನ: ಲಲಿತಾಂಗ–ಸ್ವಯಂಪ್ರಭೆಯರ ಪ್ರಸಂಗದ ವಿವೇಚನೆ

ದೇವತೆಗಳನ್ನು ‘ಅಮರ’ರೆಂದು ಕರೆಯುವುದು ಲೋಕರೂಢಿ. ಜೈನ ಕವಿಗಳೂ ಈ ಮಾತನ್ನು ಬಳಸುತ್ತಾರೆ. ಆದರೆ ಜೈನ ಸಿದ್ಧಾಂತವು ಅದರ ಅರ್ಥವನ್ನು ಒಪ್ಪುವುದಿಲ್ಲ. ದೇವಗತಿಯೂ ನಾಲ್ಕು ಗತಿಗಳಲ್ಲಿ ಒಂದು. ಅಲ್ಲಿಯೂ ಆಯುಃಕರ್ಮವುಂಟು, ಅದು ತೀರಿದೊಡನೆ ಚ್ಯುತಿಯುಂಟು. ಆದರೆ ಆ ಆಯುಸ್ಸು ಮನುಷ್ಯನ ಎಣಿಕೆಗೆ ನಿಲುಕದಷ್ಟು ದೀರ್ಘವಾದುದು. ಮುಪ್ಪಿಲ್ಲದ, ರೋಗವಿಲ್ಲದ ಅಂತಹ ಬಾಳಿನಲ್ಲಿ ಪ್ರೀತಿ ಏನಾಗುತ್ತದೆ? ಅಗಲಿಕೆಯನ್ನು ಹೆಣ್ಣೂ ಗಂಡೂ ಒಂದೇ ಬಗೆಯಲ್ಲಿ ತಾಳಿಕೊಳ್ಳುತ್ತಾರೆಯೇ? ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ‘ಆದಿಪುರಾಣ’ವು ಈ ಪ್ರಶ್ನೆಯನ್ನು ನೇರವಾಗಿ ಕೇಳುವುದಿಲ್ಲ, ಆದರೆ ಅದರ ಭವಾವಳಿಯಲ್ಲಿ ಉತ್ತರವು ಅಡಗಿದೆ.

ಈ ಕಾವ್ಯವನ್ನು ಓದುವವರಲ್ಲಿ ಎರಡು ರೂಢಿಗಳು ಬೆಳೆದಿವೆ. ಸಾಹಿತ್ಯರಸಿಕರು ಲಲಿತಾಂಗ–ಸ್ವಯಂಪ್ರಭೆಯರ ಕಥೆಯನ್ನು ಶೃಂಗಾರಕ್ಕಾಗಿ ಓದಿ ಅಲ್ಲಿಯೇ ನಿಲ್ಲುತ್ತಾರೆ. ಶಾಸ್ತ್ರಪ್ರವಚನ ಮಾಡುವವರು ಭೋಗದ ಅನಿತ್ಯತೆಗೆ ಅದೊಂದು ದೃಷ್ಟಾಂತವೆಂದು ಹೇಳಿ ಬೇಗನೆ ವೈರಾಗ್ಯಕ್ಕೆ ದಾಟುತ್ತಾರೆ. ಎರಡೂ ಓದುಗಳಲ್ಲಿ ಒಂದು ಸೂಕ್ಷ್ಮವು ಕೈತಪ್ಪುತ್ತದೆ. ಅದೇನೆಂದರೆ, ಒಂದೇ ಸ್ವರ್ಗದ ಈ ಎರಡು ಜೀವಗಳು ಅಗಲಿಕೆಯನ್ನು ಕಂಡ ಬಗೆ ಒಂದೇ ಅಲ್ಲ.

ಈಶಾನಕಲ್ಪದ ಲಲಿತಾಂಗದೇವನ ಆಯುಸ್ಸು ಸಾಗರೋಪಮದ ಅಳತೆಯದು. ಅವನ ದೇವಿಯರ ಆಯುಸ್ಸಾದರೋ ಪಲ್ಯಗಳ ಅಳತೆಯದು. ಹತ್ತು ಕೋಟಿಕೋಟಿ ಪಲ್ಯಗಳು ಕೂಡಿದರೆ ಒಂದು ಸಾಗರ. ಈ ಲೆಕ್ಕವನ್ನು ಪುರಾಣದ ಅತಿಶಯವೆಂದು ಬಿಟ್ಟುಬಿಡುವಂತಿಲ್ಲ. ಕಥೆಯ ತಿರುಳೇ ಇದರಲ್ಲಿದೆ. ಆ ದೇವನೊಬ್ಬನ ಬಾಳಿನಲ್ಲಿ ಎಣಿಸಲಾಗದಷ್ಟು ದೇವಿಯರು ಬಂದರು, ಹೋದರು. ಅವರಿಗಾಗಿ ಅವನು ಕಣ್ಣೀರಿಟ್ಟನೆಂಬ ಮಾತಿಲ್ಲ. ಒಬ್ಬಳು ಮರೆಯಾದರೆ ಇನ್ನೊಬ್ಬಳು ಆ ಸ್ಥಾನವನ್ನು ತುಂಬುತ್ತಿದ್ದಳು. ಕೊನೆಗಾಲದಲ್ಲಿ ಬಂದವಳು ಸ್ವಯಂಪ್ರಭೆ. ಅವಳಲ್ಲಿ ಅವನ ಪ್ರೀತಿ ನೆಲೆಗೊಂಡಿತು. ಆದರೂ ಅವನು ದುಃಖದಿಂದ ಕುಸಿದುದು ತನ್ನ ಕೊರಳ ಮಾಲೆ ಬಾಡಿದಾಗ, ಎಂದರೆ ತನ್ನ ಚ್ಯುತಿಯು ಸಮೀಪಿಸಿತೆಂದು ಅರಿತಾಗ.

ಸ್ವಯಂಪ್ರಭೆಯ ರೀತಿ ಬೇರೆ. ಇನಿಯನು ಚ್ಯುತನಾದ ಮೇಲೆ ಅವಳು ಶೋಕದಲ್ಲಿ ಮುಳುಗಿದಳು. ಬಳಿಕ ಸಂತೈಸಲ್ಪಟ್ಟು ಆರು ತಿಂಗಳು ಜಿನಪೂಜೆಯಲ್ಲಿ ನಿರತಳಾಗಿ ಆಯುಸ್ಸನ್ನು ಮುಗಿಸಿದಳು. ಪುಂಡರೀಕಿಣಿಯಲ್ಲಿ ವಜ್ರದಂತ ಚಕ್ರವರ್ತಿಯ ಮಗಳು ಶ್ರೀಮತಿಯಾಗಿ ಹುಟ್ಟಿದರೂ ನೆನಪು ಅವಳನ್ನು ಬಿಡಲಿಲ್ಲ. ಆಗಸದಲ್ಲಿ ದೇವತೆಗಳು ಹಾದುಹೋಗುವುದನ್ನು ಕಂಡು ಜಾತಿಸ್ಮರಣೆಯಾಗಿ ಮೂರ್ಛೆ ಹೋದಳು, ಮೌನ ತಾಳಿದಳು, ಹಿಂದಿನ ಭವವನ್ನು ಪಟದಲ್ಲಿ ಚಿತ್ರಿಸಿದಳು. ದಾದಿ ಪಂಡಿತೆಯು ಆ ಪಟವನ್ನು ಜಿನಾಲಯದಲ್ಲಿ ಹರಡಿದಾಗ, ಅದನ್ನು ಕಂಡ ವಜ್ರಜಂಘನಿಗೂ ಪೂರ್ವಭವವು ನೆನಪಾಯಿತು. ಅವನ ನೆನಪಿಗೂ ಅವಳ ಕೈಬರಹವೇ ಬೇಕಾಯಿತು.

ಇಷ್ಟನ್ನು ನೋಡಿ ಹೆಣ್ಣಿನ ಪ್ರೀತಿ ಶುದ್ಧ, ಗಂಡಿನದು ಚಂಚಲ ಎಂದು ತೀರ್ಪು ಕೊಡುವುದು ಸುಲಭ. ಆದರೆ ಅದು ಸರಿಯಲ್ಲ. ಸ್ತ್ರೀವೇದ, ಪುಂವೇದಗಳೆರಡನ್ನೂ ಶಾಸ್ತ್ರವು ಮೋಹನೀಯ ಕರ್ಮದ ನೋಕಷಾಯಗಳಲ್ಲಿಯೇ ಎಣಿಸಿದೆ. ಅವು ಆತ್ಮನ ಸ್ವಭಾವಗಳಲ್ಲ. ಒಬ್ಬರ ಸ್ಥಾನದಲ್ಲಿ ಮತ್ತೊಬ್ಬರನ್ನು ಇರಿಸಿಕೊಂಡು ಅಗಲಿಕೆಯನ್ನು ಕಾಣದೆ ಹೋಗುವುದು ಒಂದು ಮೋಹ. ಒಬ್ಬರನ್ನೇ ನೆನೆದು ಜಗತ್ತನ್ನೆಲ್ಲ ಬರಿದು ಮಾಡಿಕೊಳ್ಳುವುದು ಇನ್ನೊಂದು ಮೋಹ. ‘ತತ್ತ್ವಾರ್ಥಸೂತ್ರ’ದ ನಾಲ್ಕನೆಯ ಅಧ್ಯಾಯವು ಹೇಳುವ ಕ್ರಮವನ್ನೂ ಇಲ್ಲಿ ನೆನೆಯಬಹುದು. ಈಶಾನದವರೆಗಿನ ದೇವರಿಗೆ ಕಾಯದಿಂದ ಸುಖ. ಮೇಲೇರಿದಂತೆ ಸ್ಪರ್ಶ, ರೂಪ, ಶಬ್ದ, ಮನಸ್ಸು ಸಾಕಾಗುತ್ತವೆ. ಅದಕ್ಕೂ ಮೇಲೆ ಆ ಬಯಕೆಯೇ ಇಲ್ಲ. ಎಂದರೆ, ಆಯುಸ್ಸು ಬೆಳೆದಂತೆ ಸಂಗಾತಿಯ ಹಂಬಲ ಹೆಚ್ಚಬೇಕೆಂಬ ನಿಯಮವಿಲ್ಲ.

ಕವಿಯ ದೊಡ್ಡತನವು ಈ ಎರಡು ಮೋಹಗಳೂ ಮಾಗುವುದನ್ನು ತೋರಿಸುವಲ್ಲಿದೆ. ಲಲಿತಾಂಗನ ಜೀವವೇ ಮುಂದೆ ವೃಷಭನಾಥನಾಯಿತು. 83 ಲಕ್ಷ ಪೂರ್ವಗಳು ಕಳೆದ ಮೇಲೆ ಅವನ ಆಸ್ಥಾನದಲ್ಲಿ ನೀಲಾಂಜನೆಯ ನಾಟ್ಯವಾಯಿತು. ನರ್ತಿಸುತ್ತಿರುವಂತೆಯೇ ಅವಳ ಆಯುಸ್ಸು ತೀರಿತು. ರಸಭಂಗವಾಗದಂತೆ ಇಂದ್ರನು ಅವಳಂತಹವಳನ್ನೇ ಅಲ್ಲಿ ನಿಲ್ಲಿಸಿದನು. ಸಭೆಗೆ ಅದು ತಿಳಿಯಲಿಲ್ಲ. ವೃಷಭನಿಗೆ ತಿಳಿಯಿತು. ಅಸಂಖ್ಯ ದೇವಿಯರು ಹೀಗೆಯೇ ಬಂದು ಹೋದುದನ್ನು ಕಂಡೂ ಕಾಣದಂತಿದ್ದ ಜೀವವು ಈಗ ಒಬ್ಬಳ ಮರಣವನ್ನು ಕಂಡಿತು. ವೈರಾಗ್ಯವು ಹುಟ್ಟಿದ್ದು ಆ ಕಾಣ್ಕೆಯಿಂದ.

ಇತ್ತ ಸ್ವಯಂಪ್ರಭೆಯ ಜೀವವು ಹೆಸರೇ ಇಲ್ಲದವಳೆಂಬ ಅರ್ಥದ ನಿರ್ನಾಮಿಕೆ ಎಂಬ ಬಡ ಹುಡುಗಿಯಿಂದ ಹೊರಟು, ಶ್ರೀಮತಿಯಾಗಿ, ಭೋಗಭೂಮಿಯ ಆರ್ಯೆಯಾಗಿ, ಮುಂದೆ ಪುರುಷಪರ್ಯಾಯಗಳನ್ನು ಪಡೆಯಿತು. ಸುವಿಧಿಯ ಭವದಲ್ಲಿ ಅವನ ಮಗ ಕೇಶವನಾಯಿತು. ಆ ಪುತ್ರಸ್ನೇಹದಿಂದಲೇ ಸುವಿಧಿಯು ಮನೆಯನ್ನು ತೊರೆಯಲಾರದೆ ಶ್ರಾವಕವ್ರತಗಳಲ್ಲಿ ನಿಂತನು. ಕೊನೆಯಲ್ಲಿ ಅದು ಹಸ್ತಿನಾಪುರದ ಶ್ರೇಯಾಂಸನಾಯಿತು. ದಾನವಿಧಿಯನ್ನೇ ಅರಿಯದ ಜನರ ನಡುವೆ ಮುನಿ ವೃಷಭನಾಥನು ಆಹಾರವಿಲ್ಲದೆ ಸಂಚರಿಸುತ್ತಿದ್ದಾಗ, ಅವನನ್ನು ಕಂಡೊಡನೆ ಶ್ರೇಯಾಂಸನಿಗೆ ಜಾತಿಸ್ಮರಣೆಯಾಯಿತು. ಶ್ರೀಮತಿ–ವಜ್ರಜಂಘರಾಗಿ ಚಾರಣಮುನಿಗಳಿಗೆ ಆಹಾರವಿತ್ತುದು ನೆನಪಾಗಿ ಕಬ್ಬಿನ ರಸವನ್ನು ನೀಡಿದನು. ಒಮ್ಮೆ ಮೂರ್ಛೆಯನ್ನೂ ಕಣ್ಣೀರನ್ನೂ ತಂದಿದ್ದ ನೆನಪೇ ಈಗ ದಾನತೀರ್ಥವಾಯಿತು. ಶ್ರೀಮತಿಯು ಅವನನ್ನು ತನಗಾಗಿ ನೆನೆದಳು. ಶ್ರೇಯಾಂಸನು ಅವನಿಗೆ ಬೇಕಾದುದನ್ನು ನೆನೆದನು.

ಇಲ್ಲೊಂದು ಆಕ್ಷೇಪವನ್ನು ಮರೆಮಾಚಬಾರದು. ಈ ಏರಿಕೆಗೆ ಸ್ತ್ರೀಪರ್ಯಾಯವು ಮುಗಿಯಲೇಬೇಕಾಯಿತೇ? ಸಮ್ಯಗ್ದೃಷ್ಟಿ ಜೀವವು ಮುಂದೆ ಸ್ತ್ರೀಯಾಗಿ ಹುಟ್ಟುವುದಿಲ್ಲವೆಂಬುದು ದಿಗಂಬರ ಸಿದ್ಧಾಂತ. ಪಂಪನು ಅದರಂತೆ ನಡೆದಿದ್ದಾನೆ. ಶ್ವೇತಾಂಬರರು ಸ್ತ್ರೀಮುಕ್ತಿಯನ್ನು ಒಪ್ಪುತ್ತಾರೆ, ಮಲ್ಲಿ ತೀರ್ಥಂಕರರನ್ನು ಸ್ತ್ರೀಯೆಂದೇ ನಂಬುತ್ತಾರೆ. ಈ ವಿವಾದವು ಇಂದಿನದಲ್ಲ, ಇಲ್ಲಿ ತೀರುವಂತಹುದೂ ಅಲ್ಲ. ಆದರೆ ಕಾವ್ಯವನ್ನೇ ಸಾಕ್ಷಿಗೆ ಕರೆದರೆ ಒಂದು ಮಾತು ನಿಶ್ಚಿತ: ಶ್ರೇಯಾಂಸನ ಕೈಯಿಂದ ಹರಿದ ದಾನದ ವಿಧಿಯು ಶ್ರೀಮತಿಯ ಭವದಲ್ಲಿ ಗಳಿಸಿದ್ದು. ಅದರಲ್ಲಿ ಅವಳ ಪಾಲನ್ನು ಅಳಿಸಿ ಲೆಕ್ಕ ಬರೆಯಲಾಗದು.

ಅಕ್ಷಯತೃತೀಯೆಯಂದು ಬಸದಿಗಳಲ್ಲಿ ಶ್ರೇಯಾಂಸನ ಕಥೆಯನ್ನು ಹೇಳುವಾಗ ಶ್ರೀಮತಿಯ ಹೆಸರನ್ನೂ ಹೇಳುವುದು ಉಚಿತ. ಅದಕ್ಕಿಂತಲೂ ಉಚಿತವಾದುದು ಮನೆಗಳಲ್ಲಿ ಆಗಬೇಕಾಗಿದೆ. ಹೆಂಡತಿಯನ್ನು ಕಳೆದುಕೊಂಡವನಿಗೆ ಬೇಗನೆ ಮತ್ತೊಂದು ಸಂಬಂಧ ನೋಡುವುದು, ಗಂಡನನ್ನು ಕಳೆದುಕೊಂಡವಳಿಗೆ ಬಾಳೆಲ್ಲ ಅವನ ನೆನಪೇ ಸಾಕೆನ್ನುವುದು ಸಮಾಜದ ಹಳೆಯ ರೂಢಿ. ಒಬ್ಬನಿಗೆ ಲಲಿತಾಂಗನ ಮರೆವು, ಇನ್ನೊಬ್ಬಳಿಗೆ ಸ್ವಯಂಪ್ರಭೆಯ ಶೋಕ. ಎರಡನ್ನೂ ಧರ್ಮವೆಂದು ಹೇರಿದರೆ ಪುರಾಣವನ್ನು ಅರ್ಧಕ್ಕೇ ಮುಚ್ಚಿಟ್ಟಂತೆ.

ಒಂಟಿತನವೇ ಬೇರೆ, ಏಕತ್ವವೇ ಬೇರೆ. ‘ನನ್ನವರು ಯಾರೂ ಇಲ್ಲ’ ಎಂದು ನೋಯುವುದು ಒಂಟಿತನ. ಹುಟ್ಟುವುದೂ ಹೋಗುವುದೂ ಒಬ್ಬನೇ ಎಂದು ತಿಳಿದು, ಆ ತಿಳಿವಿನಿಂದಲೇ ಇತರರ ಹಸಿವನ್ನೂ ಮರಣವನ್ನೂ ಕಾಣಬಲ್ಲವನಾಗುವುದು ಏಕತ್ವಭಾವನೆ. ಸ್ವರ್ಗದ ದೀರ್ಘಾಯುಸ್ಸಿನಲ್ಲಿ ಆ ಎರಡು ಜೀವಗಳಿಗೆ ಅದು ದೊರೆಯಲಿಲ್ಲ. ಮರಣವಿರುವ ಮನುಷ್ಯಭವದಲ್ಲಿ, ಒಬ್ಬಳು ನರ್ತಕಿಯ ಸಾವಿನೆದುರು, ಒಂದು ಬೊಗಸೆ ಕಬ್ಬಿನ ರಸದೆದುರು ಅದು ಕೈಗೂಡಿತು.